ಇಲಿಯ ಸಾಕ್ಷ್ಯ

ದುರ್ಗಸಿಂಹನ ಪಂಚತಂತ್ರವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಕೇಳುವುದುಂಟು: “ಪ್ರಾಣಿಗಳು ಮಾತನಾಡುವುದು ಉಂಟೇ, ಸಾರ್?” “ಆಡುತ್ತವೆ, ಕೇಳುವ ಕಿವಿ ಬೇಕು” ಎಂದು ನಗಿಸಿ ಮುಂದೆ ಸಾಗುತ್ತಿದ್ದೆ. ಅದು ಬರಿಯ ನಗೆಮಾತಲ್ಲವೆಂದು ನನಗೆ ಮನವರಿಕೆಯಾದುದು ಡಿ.ಬಿ.ಸಿ.ಪಿ. ಎಂಬ ವಿಷದ ಚರಿತ್ರೆಯನ್ನು ಓದಿದ ಮೇಲೆ.

ಡೈಬ್ರೋಮೋಕ್ಲೋರೋಪ್ರೋಪೇನ್ ಎಂಬುದು ಅದರ ಪೂರ್ಣ ನಾಮಧೇಯ. ಮಣ್ಣಿನಲ್ಲಿ ಅಡಗಿ ಬೆಳೆಯ ಬೇರುಗಳನ್ನು ತಿನ್ನುವ ಅತಿ ಸಣ್ಣ ಹುಳುಗಳನ್ನು ಕೊಲ್ಲುವುದಕ್ಕಾಗಿ 1950ರ ದಶಕದಲ್ಲಿ ಡೌ ಮತ್ತು ಶೆಲ್ ಕಂಪನಿಗಳು ಅದನ್ನು ಅಮೆರಿಕದ ಪೇಟೆಗೆ ತಂದವು. ಅದರ ಗುಣದೋಷಗಳ ಪರೀಕ್ಷೆಯೂ ಆ ಕಂಪನಿಗಳ ಆಶ್ರಯದಲ್ಲಿಯೇ ನಡೆಯಿತು. ಪರೀಕ್ಷೆಯ ಕ್ರಮ ಸರಳ. ಇಲಿಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು ಗೊತ್ತಾದ ಪ್ರಮಾಣದ ಆವಿಯನ್ನು ದಿನವೂ ಕೆಲವು ಗಂಟೆ ಉಸಿರಾಡಿಸುವುದು. ಕೆಲವು ವಾರ ಕಳೆದ ಮೇಲೆ ಕೊಂದು, ಒಂದೊಂದು ಅಂಗವನ್ನೂ ತೂಗಿ, ಆವಿ ಸೋಕದ ಇಲಿಗಳ ಅಂಗಗಳೊಡನೆ ಹೋಲಿಸುವುದು.

1961ರಲ್ಲಿ ಫಲಿತಾಂಶ ಪ್ರಕಟವಾಯಿತು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಕೇವಲ 5 ಪಾಲು ಆವಿ ಇದ್ದಾಗಲೂ, ಅದನ್ನು 50 ಸಲ ಉಸಿರಾಡಿದ ಗಂಡು ಇಲಿಗಳ ವೃಷಣಗಳು ಕುಗ್ಗಿದ್ದವು. ಕೆಲಸದ ಜಾಗದಲ್ಲಿ ಆವಿಯ ಪ್ರಮಾಣ 1 ಪಾಲಿಗಿಂತ ಕಡಿಮೆ ಇರಬೇಕೆಂದು ವರದಿಯಲ್ಲಿ ಸಲಹೆಯನ್ನೂ ಕೊಡಲಾಗಿತ್ತು. ವರದಿ ವಿದ್ವಾಂಸರ ಪತ್ರಿಕೆಯಲ್ಲಿ ಉಳಿಯಿತು, ಮಾರಾಟ ಮುಂದುವರಿಯಿತು.

ಕ್ಯಾಲಿಫೋರ್ನಿಯಾದ ಲೇತ್ರಾಪ್ ಎಂಬ ಊರಿನ ಕಾರ್ಖಾನೆಯಲ್ಲಿ ಈ ವಿಷವನ್ನು ಬೆರೆಸುತ್ತಿದ್ದ ಕೆಲಸಗಾರರಿಗೆ ಇಲಿಗಳ ಸಂಗತಿ ತಿಳಿದಿರಲಿಲ್ಲ. ತಿಳಿದಿದ್ದುದು ಒಂದೇ: ತಮ್ಮಲ್ಲಿ ಹಲವರಿಗೆ ಮಕ್ಕಳಾಗುತ್ತಿಲ್ಲ. ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಅನುಮಾನಪಟ್ಟವರು ಅವರೇ. 1977ರಲ್ಲಿ ವೈದ್ಯರು ಪರೀಕ್ಷಿಸಿದಾಗ ಹಲವರ ವೀರ್ಯದಲ್ಲಿ ವೀರ್ಯಾಣುಗಳೇ ಇರಲಿಲ್ಲ. ಇಲಿಯ ಸಾಕ್ಷ್ಯ ಅಚ್ಚಾಗಿ ಆಗಲೇ ಹದಿನಾರು ವರ್ಷಗಳಾಗಿದ್ದವು!

ಆಮೇಲೆ ಸರ್ಕಾರ ಎಚ್ಚೆತ್ತಿತು. ಅದೇ ವರ್ಷ ಕಾರ್ಖಾನೆಗಳಿಗೆ ತುರ್ತು ನಿಯಮ ಬಂದಿತು. 1979ರಲ್ಲಿ ಅಮೆರಿಕದೊಳಗಿನ ಬಳಕೆ ಬಹುಮಟ್ಟಿಗೆ ನಿಂತಿತು. ಹವಾಯಿಯ ಅನಾನಸ್ ತೋಟಗಳಿಗೆ ಮಾತ್ರ 1985ರವರೆಗೆ ವಿನಾಯಿತಿ ಸಿಕ್ಕಿತು. ಇದೇ ವಿಷ ಮಧ್ಯ ಅಮೆರಿಕದ ಬಾಳೆತೋಟಗಳಿಗೂ ಹೋಗಿತ್ತು. ಅಲ್ಲಿನ ಸಾವಿರಾರು ಕೂಲಿಗಾರರು ತಮಗೆ ಸಂತಾನಭಾಗ್ಯ ತಪ್ಪಿತೆಂದು ಮುಂದೆ ನ್ಯಾಯಾಲಯಗಳ ಮೆಟ್ಟಿಲೇರಿದರು.

ಮೂಕಪ್ರಾಣಿಯನ್ನು ಪಂಜರದಲ್ಲಿಟ್ಟು ಕೊಲ್ಲುವುದು ಸರಿಯೇ ಎಂದು ಸಹೃದಯರು ಕೇಳಿದರೆ ನನ್ನಲ್ಲಿ ಸುಲಭವಾದ ಉತ್ತರವಿಲ್ಲ. ಆದರೆ ಕೊಂದು ಪಡೆದ ಉತ್ತರವನ್ನು ಕಡತದಲ್ಲಿ ಕಟ್ಟಿಡುವುದು ಎರಡು ಬಗೆಯ ಅನ್ಯಾಯ: ಸತ್ತ ಪ್ರಾಣಿಗೆ ಒಂದು, ಬದುಕಿದ್ದ ಮನುಷ್ಯನಿಗೆ ಇನ್ನೊಂದು. ಪರೀಕ್ಷೆ ತಪ್ಪಿರಲಿಲ್ಲ; ಅದರ ಸುದ್ದಿ ವಿಷವನ್ನು ಕೈಯಾರೆ ಬೆರೆಸುತ್ತಿದ್ದವನ ಬಳಿಗೆ ಹೋಗಲಿಲ್ಲ, ಅಷ್ಟೆ.

ಈಗ ತರಗತಿಯಲ್ಲಿ ಆ ಹಳೆಯ ಪ್ರಶ್ನೆ ಬಂದರೆ ನಾನು ನಗಿಸಲು ಹೋಗುವುದಿಲ್ಲ. ಪುಸ್ತಕವನ್ನು ಮಡಚಿಟ್ಟು ಈ ಇಲಿಗಳ ಕಥೆಯನ್ನು ಹೇಳುತ್ತೇನೆ.