‘ಟೂ ಲೇಟ್’ ಎಂದರೆ ‘ತುಂಬಾ ತಡ’ವೇ? ಹಾಡು, ಲೋಕಲ್ ರೈಲು ಮತ್ತು ದಿನಬಳಕೆಯ ಇಂಗ್ಲಿಷ್

ಹಾಡಿನಿಂದ ಪರಭಾಷೆ ಕಲಿಯಬಹುದೇ ಎಂಬ ಪ್ರಶ್ನೆಗೆ ಹೌದೆಂಬ ಉತ್ತರ ಈಗ ಬಹುಮಟ್ಟಿಗೆ ಒಪ್ಪಿತವಾಗಿದೆ. ಹಾಡಿನಿಂದ ಕಲಿಯುವುದೇನನ್ನು ಎಂಬಲ್ಲಿ ಮಾತ್ರ ತಕರಾರು ಉಳಿದಿದೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರ ಮಾತನ್ನು ಎದುರಿಗಿಟ್ಟುಕೊಂಡು ಆ ತಕರಾರನ್ನು ಒಂದು ಪದದ ಮಟ್ಟಿಗೆ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಪದ ‘ಟೂ’.

ಹಿಂದಿನ ಅಧ್ಯಯನಗಳಲ್ಲಿ ಮೂರನ್ನು ನೆನೆದರೆ ಸಾಕು. ಟಿಮ್ ಮರ್ಫಿ 1992ರಲ್ಲಿ 50 ಇಂಗ್ಲಿಷ್ ಪಾಪ್ ಹಾಡುಗಳನ್ನು ವಿಶ್ಲೇಷಿಸಿ, ಅವುಗಳ ಪದಗಳು ಸರಳ, ಪುನರುಕ್ತಿ ಹೇರಳ, ವೇಗ ಸಾಮಾನ್ಯ ಮಾತಿನ ಸುಮಾರು ಅರ್ಧ ಎಂದು ತೋರಿಸಿದರು. 1994ರಲ್ಲಿ ವಾಂಡಾ ವ್ಯಾಲೇಸ್, ಒಂದೇ ಧಾಟಿ ಮತ್ತೆ ಮತ್ತೆ ಕಿವಿಗೆ ಬಿದ್ದಾಗ ಮಾತ್ರ ಅದು ಸಾಹಿತ್ಯದ ನೆನಪಿಗೆ ಒತ್ತಾಸೆಯಾಗುತ್ತದೆ ಎಂಬ ಮಿತಿ ಹಾಕಿದರು. 2014ರಲ್ಲಿ ಲಡ್ಕೆ, ಫೆರೇರಾ, ಓವರಿ ಅವರು 60 ವಯಸ್ಕರಿಗೆ 20 ಹಂಗೇರಿಯನ್ ನುಡಿಗಟ್ಟುಗಳನ್ನು ಹದಿನೈದು ನಿಮಿಷ ಕಲಿಸಿದರು. ಹಂಗೇರಿಯನ್ನಿನಲ್ಲಿ ಬಾಯಿಬಿಟ್ಟು ಹೇಳುವ ಪರೀಕ್ಷೆಗಳಲ್ಲಿ ಹಾಡಿ ಕಲಿತವರು ಮುಂದಿದ್ದರು. ನಮ್ಮಲ್ಲಿ ಇಂಗ್ಲಿಷ್ ಹಾಡಿನ ಚರ್ಚೆ ನಡೆದದ್ದು ಬೇರೆ ದಾರಿಯಲ್ಲಿ. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದ ಸುತ್ತ ಬಿ.ಎಂ.ಶ್ರೀ. ಅವರ ಛಂದಸ್ಸಿನ ಮಾತು ಸಾಕಷ್ಟು ಬಂದಿದೆ. ಇಂಗ್ಲಿಷ್ ಹಾಡು ಕನ್ನಡಕ್ಕೆ ಏನು ಕೊಟ್ಟಿತು ಎಂದು ಕೇಳಿದ್ದೇವೆಯೇ ಹೊರತು, ಕನ್ನಡಿಗನಿಗೆ ಎಷ್ಟು ಇಂಗ್ಲಿಷ್ ಕಲಿಸಿತು ಎಂದು ಅಷ್ಟಾಗಿ ಕೇಳಿಲ್ಲ.

ಲಡ್ಕೆ ತಂಡ ಹಂಗೇರಿಯನ್ನನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು: ಕಲಿಯುವವರಿಗೆ ಆ ಭಾಷೆ ಹೊಸದಾಗಿರಬೇಕಿತ್ತು. ಪ್ರಯೋಗಕ್ಕೆ ಅದು ಸರಿ. ಆದರೆ ಡೊಂಬಿವಲಿಯ ಕನ್ನಡಿಗನಿಗೆ ಇಂಗ್ಲಿಷ್ ಹಾಗೆ ಹೊಸತಲ್ಲ. ಹಾಡು ಕೇಳುವ ಮೊದಲೇ ಅದರ ನೂರಾರು ಪದಗಳು ಅವನ ಕನ್ನಡದೊಳಗೆ, ಕನ್ನಡದ ವೇಷದಲ್ಲಿ ಇರುತ್ತವೆ: ಬಸ್ಸು, ಬಿಲ್ಲು, ಪಾಸು, ಲೇಟು. ಹ್ರಸ್ವದ ಮುಂದೆ ವ್ಯಂಜನ ಇಮ್ಮಡಿಸಿ, ದೀರ್ಘದ ಮುಂದೆ ಹಾಗೆಯೇ ಉಳಿದು, ಕೊನೆಗೊಂದು ಉಕಾರ ಹತ್ತಿಸಿಕೊಂಡು ಬಂದ ಪದಗಳಿವು. ಹೀಗಿರುವಾಗ ಹಾಡು ಎಷ್ಟು ಹೊಸ ಪದ ಕಲಿಸಿತು ಎಂದು ಲೆಕ್ಕ ಹಾಕುವುದು ಮನೆಯಲ್ಲೇ ಇರುವವರನ್ನು ನೆಂಟರೆಂದು ಎಣಿಸಿದಂತೆ.

ಈ ಪದಗಳು ಇಲ್ಲಿ ಯಾವ ಅರ್ಥದಲ್ಲಿವೆ ಎಂಬುದನ್ನು ಪ್ಲಾಟ್‌ಫಾರ್ಮಿನಲ್ಲೇ ನೋಡಬಹುದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿದ ಸೀಮೆಯಿದು. ಥಾಣೆ–ವಾಶಿ ಹಾದಿ ತೆರೆದದ್ದು 2004ರಲ್ಲಿ. ಇಲ್ಲಿನ ಕನ್ನಡದಲ್ಲಿ ‘ಫಾಸ್ಟ್ ಸಿಗಲಿಲ್ಲ, ಸ್ಲೋದಲ್ಲಿ ಬಂದೆ’ ಎಂಬುದು ಸಹಜ ವಾಕ್ಯ. ಇಂಗ್ಲಿಷಿನ ಎರಡು ವಿಶೇಷಣಗಳು ಇಲ್ಲಿ ಎರಡು ಜಾತಿಯ ಗಾಡಿಗಳ ಹೆಸರಾಗಿವೆ. ‘ಲೇಟು’ ಎಂಬುದೂ ‘ಆಗು’ವಿನ ಬೆನ್ನು ಹತ್ತಿ ‘ಲೇಟಾಯ್ತು’ ಎಂದಾಗಿ, ಗಾಡಿಗೂ ಮಸ್ಟರಿಗೂ ಅಂಟಿಕೊಂಡಿದೆ. ನಿಲ್ದಾಣದ ಘೋಷಣೆ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರುತ್ತದೆ. ಪ್ರತಿದಿನ ಅದೇ ಸ್ವರ, ಅದೇ ವಾಕ್ಯ. ಪುನರುಕ್ತಿಯಲ್ಲಿ ಅದು ಹಾಡಿಗೇನೂ ಕಡಿಮೆಯಲ್ಲ. ಅದರೊಳಗೆ ಇರುವುದೆಲ್ಲ ಊರು ಮತ್ತು ಹೊತ್ತು. ಮರ್ಫಿ ಕಂಡ ಪಾಪ್ ಹಾಡುಗಳಲ್ಲಾದರೋ ಬಹುಪಾಲು ಊರೂ ಇಲ್ಲ, ಹೊತ್ತೂ ಇಲ್ಲ. ‘ನಾನು’ ಯಾರು, ‘ನೀನು’ ಯಾರು ಎಂಬುದೂ ಗೊತ್ತಿಲ್ಲ. ಆ ಖಾಲಿ ಜಾಗವನ್ನು ಕೇಳುಗ ತನ್ನ ಬದುಕಿನಿಂದ ತುಂಬಿಕೊಳ್ಳುತ್ತಾನೆ ಎಂಬುದು ಅವರ ವಾದ.

ಇಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. ಅರ್ಥ ತುಂಬಿಕೊಳ್ಳುವ ಮೊದಲು, ಈಗಾಗಲೇ ತುಂಬಿರುವ ಅರ್ಥ ಸಡಿಲವಾಗಬೇಕು. ನಿಲ್ದಾಣ ಪದವನ್ನು ಒಂದು ಸಂದರ್ಭಕ್ಕೆ ಕಟ್ಟುತ್ತದೆ. ಹಾಡು ಆ ಕಟ್ಟನ್ನು ಬಿಚ್ಚುತ್ತದೆ.

ಉದಾಹರಣೆಗೆ ಕನ್ನಡಿಗರೆಲ್ಲ ಬಲ್ಲ ಒಂದು ಇಂಗ್ಲಿಷ್ ಹಾಡನ್ನೇ ತೆಗೆದುಕೊಳ್ಳೋಣ: 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕಾಗಿ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ರಾಜ್‌ಕುಮಾರ್ ಹಾಡಿದ್ದು. ಅದರ ಪಲ್ಲವಿ ಎರಡು ಜೋಡಿಗಳ ಮೇಲೆ ನಿಂತಿದೆ: ಟುಡೇ–ಟುಮಾರೋ, ಅರ್ಲಿ–ಲೇಟ್. ಎರಡನೆಯ ಜೋಡಿಯ ಎರಡೂ ಪದಗಳ ಹಿಂದೆ ‘ಟೂ’ ಇದೆ: ಇಂದು ಬಂದರೆ ‘ಟೂ ಅರ್ಲಿ’, ನಾಳೆ ಬಂದರೆ ‘ಟೂ ಲೇಟ್’. ಇವುಗಳಲ್ಲಿ ಯಾವುದೂ 1978ರ ನೌಕರಿಯ ಕನ್ನಡಿಗನಿಗೆ ಅಪರಿಚಿತವಾಗಿರಲಾರದು. ಹಾಗಾದರೆ ಹಾಡು ಕಲಿಸಿದ್ದೇನು?

‘ಟೂ’ ಎಂಬುದಕ್ಕೆ ಸುಲಭವಾಗಿ ಬಾಯಿಗೆ ಬರುವ ಕನ್ನಡ ‘ತುಂಬಾ’. ಕಿವಿಗಂತೂ ಎರಡೆಂಬ ‘ಟೂ’, ಕೂಡ ಎಂಬ ‘ಟೂ’, ಈ ‘ಟೂ’ ಮೂರೂ ಒಂದೇ. ಕ್ಯಾಂಟೀನಿನಲ್ಲಿ ‘ಚಹಾ ತುಂಬಾ ಬಿಸಿ’ ಎಂದವನು ಊದಿಕೊಂಡು ಕುಡಿದಾನು. ‘ಟೂ ಹಾಟ್’ ಎಂದವನು ಲೋಟ ಕೆಳಗಿಟ್ಟಿದ್ದಾನೆ. ಮೊದಲನೆಯದು ಅಳತೆ, ಎರಡನೆಯದು ನಿರಾಕರಣೆ. ಪಲ್ಲವಿಯಲ್ಲಿ ‘ತುಂಬಾ’ ಇಟ್ಟು ನೋಡಿ: ಇಂದು ಬರುವುದಕ್ಕೂ ನಾಳೆ ಬರುವುದಕ್ಕೂ ದಾರಿ ತೆರೆದೇ ಇರುತ್ತದೆ. ಮೇರೆ ಮೀರಿದ ‘ಟೂ’ ಇಟ್ಟರೆ ಎರಡು ಬಾಗಿಲೂ ಮುಚ್ಚಿದವು. ಇಂದಿಗೂ ನಾಳೆಗೂ ನಡುವೆ ಬೇರೆ ದಿನವಿಲ್ಲ. ಆದರೂ ಹೊತ್ತು ಗೊತ್ತುಮಾಡುವ ಕೆಲಸವನ್ನು ಹಾಡು ಎದುರಿನವರಿಗೇ ಬಿಡುತ್ತದೆ. ಅದರ ತುಂಟತನವೆಲ್ಲ ಇಲ್ಲಿದೆ. ಎರಡು ವಿರುದ್ಧ ಪದಗಳನ್ನು ಒಂದೇ ಅಳತೆಗೋಲಿನ ಎರಡು ತುದಿಗೆ ನಿಲ್ಲಿಸಿದ್ದರಿಂದ, ಪದಕೋಶ ಮರೆಮಾಡಿದ ವ್ಯತ್ಯಾಸವನ್ನು ಹಾಡಿನ ರಚನೆಯೇ ಬಯಲು ಮಾಡುತ್ತದೆ. ಮಸ್ಟರಿಗೆ ಅಂಟಿಕೊಂಡಿದ್ದ ‘ಲೇಟು’ ಅಲ್ಲಿಂದ ಕಳಚಿಕೊಂಡು ಪ್ರಣಯಕ್ಕೂ ಸಲ್ಲುತ್ತದೆ.

ಆದ್ದರಿಂದ ನನ್ನ ಪ್ರತಿಪಾದನೆ ಇಷ್ಟು: ಎರವಲು ಪದಗಳಿಂದ ತುಂಬಿದ ಭಾಷಾಸಮುದಾಯದಲ್ಲಿ ಹಾಡು ಪದಗಳನ್ನು ಕೊಡುವುದಕ್ಕಿಂತ ಹೆಚ್ಚಾಗಿ, ಇರುವ ಪದಗಳ ಅಂಚುಗಳನ್ನು ತಿದ್ದುತ್ತದೆ. ಈ ಮಾತನ್ನು ಹಿಗ್ಗಿಸಬಾರದು. ಒಂದು, ಕನ್ನಡಕ್ಕೆ ‘ಟೂ’ ಭಾವವೇ ಇಲ್ಲವೆಂದಲ್ಲ. ‘ಅತಿ’, ‘ತೀರಾ’, ‘ಜಾಸ್ತಿ ಆಯ್ತು’ ಇವೆ, ‘ತುಂಬಾ ತಡವಾಯ್ತು’ ಎಂಬುದೂ ಸಂದರ್ಭ ನೋಡಿ ನಿರಾಕರಣೆಯಾದೀತು. ಎರಡು, ತುಂಟತನ ತಿಳಿಯದೆಯೂ ಹಾಡನ್ನು ಸವಿಯಬಹುದು. ಗುನುಗುವವರೆಲ್ಲ ಅರ್ಥ ಬಲ್ಲರು ಎನ್ನುವುದಕ್ಕೆ ಆಧಾರವಿಲ್ಲ. ಮೂರು, ಪರದೆಯ ಮೇಲಿನ ಅಭಿನಯ ಕಲಿಸಿದ್ದೆಷ್ಟು, ಸಾಹಿತ್ಯ ಕಲಿಸಿದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ನಾಲ್ಕು, ವ್ಯಾಲೇಸ್ ಹಾಕಿದ ಮಿತಿ ಇಲ್ಲಿಯೂ ಅನ್ವಯಿಸುತ್ತದೆ.

ಈ ಭಾಗದ ಕಿವಿಗಳಿಗೆ ಹೆಚ್ಚು ಬೀಳುವ ಹಿಂದಿ ಹಾಡುಗಳನ್ನು ಹೋಲಿಸಿದರೆ ಗೆರೆ ಸ್ವಲ್ಪ ನಿಚ್ಚಳವಾಗುತ್ತದೆ. ‘ಶೆಹನಾಯಿ’ (1947) ಚಿತ್ರದ ಹಾಡಿನಲ್ಲಿ ‘ಸಂಡೇ’, ‘ಪತಂಗಾ’ (1949) ಚಿತ್ರದ ಹಾಡಿನಲ್ಲಿ ‘ಟೆಲಿಫೋನ್’ ಬರುತ್ತವೆ. ಎರಡಕ್ಕೂ ಸಂಗೀತ ಸಿ. ರಾಮಚಂದ್ರ ಅವರದು. ಅಲ್ಲಿ ಇಂಗ್ಲಿಷ್ ಎಂದರೆ ನಾಮಪದ. ಅದನ್ನು ಹೊತ್ತ ವ್ಯಾಕರಣ ಹಿಂದಿಯದು. ಅಂಥ ಹಾಡು ಎರವಲನ್ನು ಊರ್ಜಿತಗೊಳಿಸುತ್ತದೆ, ತಿದ್ದುವುದಿಲ್ಲ. ತಿದ್ದಲು ಇಂಗ್ಲಿಷ್ ಪದ ಇಂಗ್ಲಿಷ್ ವಾಕ್ಯದಲ್ಲೇ ನಿಂತಿರಬೇಕೆಂದು ಕಾಣುತ್ತದೆ.

ಮರ್ಫಿಯವರ ವಾದವನ್ನು ಇದು ಅಲ್ಲಗಳೆಯುವುದಿಲ್ಲ. ಅದರ ಮೊದಲ ಮೆಟ್ಟಿಲನ್ನು ಗುರುತಿಸುತ್ತದೆ. ಒಂದೇ ಹಾಡು, ಒಂದೇ ಪದದ ಮೇಲೆ ನಿಂತ ತೀರ್ಮಾನ ಇದಾದ್ದರಿಂದ ಪರೀಕ್ಷೆ ಮುಂದಿದೆ. ಹಾಡು ಬಾಯಿಪಾಠವಿರುವವರಿಗೂ ಇಲ್ಲದವರಿಗೂ ಬಿಸಿ ಚಹಾ ಮುಂದಿಟ್ಟು, ‘ಟೂ ಹಾಟ್’ ಎಂದವನು ಅದನ್ನು ಕುಡಿದನೇ ಇಲ್ಲವೇ ಎಂದು ಕೇಳಿದರೆ ಸಾಕು. ಉಚ್ಚಾರದ ಪ್ರಶ್ನೆಯೂ ಉಳಿದಿದೆ. ಹಾಡುವಾಗ ‘ಲೇಟ್’ ಎಂದ ನಾಲಿಗೆ ರೈಲು ಇಳಿದು ಮನೆಗೆ ಫೋನ್ ಮಾಡುವಾಗ ‘ಲೇಟು’ವಿಗೆ ಮರಳುತ್ತದೆಯೇ? ಮರಳುವುದಾದರೆ, ಹಾಡು ತಿದ್ದಿದ ಅರ್ಥವೂ ಅದರೊಂದಿಗೆ ಮರಳಿ ಹೋಗುತ್ತದೆಯೇ ಎಂಬುದನ್ನು ಇನ್ನು ನೋಡಬೇಕಾಗಿದೆ.