ಔಟ್ ಎಂದು ಹೇಳಬಲ್ಲ ಹೆಣ್ಣುಮಕ್ಕಳು

ಈ ಸಲದ ಇ-ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ಕಿತ್ತೂರು ಚೆನ್ನಮ್ಮನನ್ನೋ ಬೆಳವಡಿ ಮಲ್ಲಮ್ಮನನ್ನೋ ನೀವು ನಿರೀಕ್ಷಿಸಿರಬಹುದು. ನಾನು ಬರೆಯಲು ಹೊರಟಿರುವುದು ಅಂಪೈರ್‌ಗಳ ಬಗ್ಗೆ. ಅದೂ ಸಾಫ್ಟ್‌ಬಾಲ್, ಬೇಸ್‌ಬಾಲ್ ಅಂಪೈರ್‌ಗಳ ಬಗ್ಗೆ. ಇದಕ್ಕೆ ಕಾರಣ ಒಂದು ತಪ್ಪು, ಆ ತಪ್ಪು ನನ್ನದೇ.

ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಇಲ್ಲಿ ಪುಣೆಯಲ್ಲಿ ಶಾಲೆಯ ತಂಡದಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದಳು. ಒಂದು ಪಂದ್ಯದಲ್ಲಿ ಅವಳು ಎರಡನೆಯ ಬೇಸ್ ಮೇಲೆ ನಿಂತಿದ್ದಳು. ಪಿಚರ್ ಚೆಂಡು ಎಸೆದಳು, ಬ್ಯಾಟಿಗೆ ಚೆಂಡು ತಾಗಲೇ ಇಲ್ಲ. ಅಷ್ಟರಲ್ಲಿ ಅಂಪೈರ್ ನನ್ನ ಮಗಳತ್ತ ಕೈ ಮಾಡಿ ಔಟ್ ಎಂದಳು. ಅಂಪೈರ್ ಎಂದರೆ ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ಹುಡುಗಿ. ನನಗೆ ಸಿಟ್ಟು ಬಂತು. "ಯಾರೂ ಅವಳನ್ನು ಮುಟ್ಟೇ ಇಲ್ಲ, ಚೆಂಡು ಅವಳ ಹತ್ತಿರ ಹೋಗೇ ಇಲ್ಲ, ಇದ್ಯಾವ ನ್ಯಾಯ?" ಎಂದು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಕೂಗಿದೆ. ಆ ಹುಡುಗಿ ಒಮ್ಮೆ ನನ್ನತ್ತ ನೋಡಿ, ಎಡಗೈಯಲ್ಲಿದ್ದ ಪುಟ್ಟ ಎಣಿಕೆ ಯಂತ್ರದ ಗಾಲಿ ತಿರುಗಿಸಿ ತನ್ನ ಜಾಗಕ್ಕೆ ಹೋಗಿ ನಿಂತಳು. ಆಟ ಮುಗಿದ ಮೇಲೆ ಮಗಳು ಮುಖ ಕೆಂಪಗೆ ಮಾಡಿಕೊಂಡು ಬಂದಳು. "ಅಮ್ಮಾ, ಅವರು ಕೊಟ್ಟಿದ್ದು ಖರೇನ ಅದ. ಪಿಚರ್ ಕೈಯಿಂದ ಚೆಂಡು ಬಿಡೂಕಿಂತ ಮದ್ಲ ನಾನ ಬೇಸ್ ಬಿಟ್ಟೆ. ಹಂಗ ಬಿಟ್ರ ಔಟ್. ನೀ ಯಾಕ ಒದರಿದಿ?"

ಹೌದು, ಸಾಫ್ಟ್‌ಬಾಲ್‌ನಲ್ಲಿ ನಿಯಮ ಹಾಗೇ ಇದೆ. ಬೇಸ್‌ಬಾಲ್‌ನಲ್ಲಿ ಓಟಗಾರ ಮೊದಲೇ ನಾಲ್ಕು ಹೆಜ್ಜೆ ಮುಂದೆ ಬಂದು ಹೊಂಚು ಹಾಕಬಹುದು. ಸಾಫ್ಟ್‌ಬಾಲ್‌ನಲ್ಲಿ ಚೆಂಡು ಪಿಚರ್ ಕೈ ಬಿಡುವವರೆಗೆ ಪಾದ ಬೇಸಿನ ಮೇಲೇ ಇರಬೇಕು. ಅಂದರೆ ಆ ಹುಡುಗಿ ಏಕಕಾಲಕ್ಕೆ ಎರಡು ವಸ್ತು ನೋಡಿದ್ದಳು, ಪಿಚರಿನ ಬೆರಳು ಮತ್ತು ನನ್ನ ಮಗಳ ಪಾದ. ನಾನು ನೋಡಿದ್ದು ನನ್ನ ಮಗಳ ಮುಖ ಮಾತ್ರ.

ಆ ರಾತ್ರಿ ನಾಚಿಕೆಯಿಂದಲೇ ನಿಯಮದ ಪುಸ್ತಕ ಓದಲು ಕೂತೆ. ಅಲ್ಲಿಂದ ಹುಚ್ಚು ಹಿಡಿದು ಆಟದ ಚರಿತ್ರೆಗೆ ಹೋದೆ. ಸಾಫ್ಟ್‌ಬಾಲ್ ಹುಟ್ಟಿದ್ದೇ ಒಂದು ತಮಾಷೆಯಿಂದ. 1887ರ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಶಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಕೆಲವರು ಹಾರ್ವರ್ಡ್ ಮತ್ತು ಯೇಲ್ ನಡುವಿನ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾಯುತ್ತಿದ್ದರು. ಯೇಲ್ ಗೆದ್ದ ಸುದ್ದಿ ಬಂತು. ಖುಷಿಯಲ್ಲಿ ಒಬ್ಬ ಬಾಕ್ಸಿಂಗ್ ಗ್ಲೌಸ್ ಎಸೆದ, ಇನ್ನೊಬ್ಬ ಅದನ್ನು ಕೋಲಿನಿಂದ ಹೊಡೆದ. ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಗ್ಲೌಸನ್ನೇ ಬಿಗಿದು ಕಟ್ಟಿ ಚೆಂಡು ಮಾಡಿ, ನೆಲದ ಮೇಲೆ ಗೆರೆ ಎಳೆದು, ಒಳಾಂಗಣದಲ್ಲೇ ಬೇಸ್‌ಬಾಲ್ ಆಡಿಸಿಬಿಟ್ಟ. ಎಂಟೇ ವರ್ಷಕ್ಕೆ, 1895ರಲ್ಲಿ, ಶಿಕಾಗೋದ ಒಂದು ಹೈಸ್ಕೂಲಿನಲ್ಲಿ ಹುಡುಗಿಯರ ತಂಡವೂ ಆಯಿತು. ಸಾಫ್ಟ್‌ಬಾಲ್ ಎಂಬ ಹೆಸರು ಬಂದದ್ದು 1926ರಲ್ಲಿ. ಈಗಿನ ಚೆಂಡನ್ನು ಮೆತ್ತಗೆ ಎಂದು ಕರೆದವರು ಅದನ್ನು ಕೈಯಲ್ಲಿ ಹಿಡಿದಿರಲಾರರು!

ಹೀಗೆ ಹುಡುಗಿಯರು ಆಡಲು ಶುರು ಮಾಡಿದ್ದು ಬೇಗ. ತೀರ್ಪು ಕೊಡುವ ಜಾಗಕ್ಕೆ ಬಂದ ಕಥೆ ಬೇರೆ. ಅದಕ್ಕೆ ಸಾಫ್ಟ್‌ಬಾಲ್‌ನ ಅಣ್ಣನಾದ ಬೇಸ್‌ಬಾಲ್‌ಗೆ ಹೋಗಬೇಕು.

ಅಮಾಂಡಾ ಕ್ಲೆಮೆಂಟ್ ಹುಟ್ಟಿದ್ದು 1888ರಲ್ಲಿ, ಈಗಿನ ಸೌತ್ ಡಕೋಟಾ ರಾಜ್ಯದ ಹಡ್ಸನ್ ಎಂಬ ಸಣ್ಣ ಊರಿನಲ್ಲಿ. 1904ರಲ್ಲಿ ಅಣ್ಣ ಹ್ಯಾಂಕ್ ಆಡುವ ಪಂದ್ಯ ನೋಡಲು ತಾಯಿಯ ಜೊತೆ ಅಯೋವಾದ ಹವಾರ್ಡನ್‌ಗೆ ಹೋಗಿದ್ದಳು. ಅಂಪೈರ್ ಬರಲಿಲ್ಲ. ನಮ್ಮ ತಂಗಿಗೆ ನಿಯಮವೆಲ್ಲ ಗೊತ್ತು ಎಂದು ಅಣ್ಣ ಹೇಳಿದ. ಹದಿನಾರರ ಹುಡುಗಿ ಮೊದಲ ಸಣ್ಣ ಪಂದ್ಯಕ್ಕೆ ನಿಂತಳು. ಅದನ್ನು ನೋಡಿದ ದೊಡ್ಡ ತಂಡದವರು ನಮ್ಮ ಪಂದ್ಯಕ್ಕೂ ನೀನೇ ನಿಲ್ಲಮ್ಮ ಎಂದು ಕರೆದರು, ಹಣವನ್ನೂ ಕೊಟ್ಟರು. ಆ ವರ್ಷ ಅಮೆರಿಕದ ಅಧ್ಯಕ್ಷರ ಚುನಾವಣೆ ಇತ್ತು. ಅವಳ ರಾಜ್ಯದ ಹೆಂಗಸರಿಗೆ ಅದರಲ್ಲಿ ಓಟು ಹಾಕುವ ಹಕ್ಕಿರಲಿಲ್ಲ. ಆದರೆ ಮೈದಾನದಲ್ಲಿ ಹದಿನೆಂಟು ಗಂಡಸರು ಅವಳ ಮಾತಿಗೆ ತಲೆಬಾಗಿದರು.

ನೆಲ ಮುಟ್ಟುವ ನೀಲಿ ಸ್ಕರ್ಟು, ಎದೆಯ ಮೇಲೆ ಅಂಪೈರ್ ಎಂದು ಸೂಚಿಸುವ ಅಕ್ಷರ ಬರೆದ ಬಿಳಿ ಬ್ಲೌಸು, ತಲೆಗೂದಲು ಒಳಗೆ ಸೇರಿಸಿದ ಟೋಪಿ. ಹೆಚ್ಚುವರಿ ಚೆಂಡುಗಳನ್ನು ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದಳಂತೆ. ಭಾನುವಾರದ ಪಂದ್ಯಕ್ಕೆ ಮಾತ್ರ ನಿಲ್ಲುತ್ತಿರಲಿಲ್ಲ. ಪಂದ್ಯಕ್ಕೆ 15ರಿಂದ 25 ಡಾಲರ್ ಸಂಪಾದನೆ, ಆ ಹಣದಿಂದಲೇ ಕಾಲೇಜು ಓದಿದಳು. ಹೆಂಗಸು ಅಂಪೈರ್ ಆಗಿ ನಿಂತರೆ ಆಟಗಾರರ ಬೈಗುಳ ತಾನಾಗಿ ನಿಲ್ಲುತ್ತದೆ ಎಂಬ ವಾದವನ್ನೂ ಪತ್ರಿಕೆಯಲ್ಲಿ ಮಂಡಿಸಿದ್ದಳು. ಅವಳಿಗೆ ಅದು ನಿಜವಾಗಿ ಒದಗಿತು. ಆ ಊರುಗಳಲ್ಲಿ ಅವಳನ್ನು ಹೆಸರಿನಿಂದ ಬಲ್ಲವರಿದ್ದರು, ಕರೆದವರೂ ಅವರೇ. ಕರೆಸಿಕೊಂಡು ಹೋದವಳಿಗೂ ಬಾಗಿಲು ಬಡಿದು ಒಳಗೆ ಹೋದವಳಿಗೂ ಎಷ್ಟು ವ್ಯತ್ಯಾಸ ಎಂಬುದು ಮುಂದಿನ ಕಥೆಯಲ್ಲಿದೆ.

ಬರ್ನೀಸ್ ಗೀರಾ ನ್ಯೂಯಾರ್ಕಿನ ಒಬ್ಬ ಗೃಹಿಣಿ. 1967ರಲ್ಲಿ ಫ್ಲಾರಿಡಾದ ಅಂಪೈರ್ ತರಬೇತಿ ಶಾಲೆಗೆ ಸೇರಿದಳು. ಹೆಂಗಸರಿಗೆ ಅಲ್ಲಿ ಉಳಿಯಲು ಜಾಗವಿರಲಿಲ್ಲ, ಮೋಟೆಲಿನಲ್ಲಿದ್ದು ಕಲಿತಳು. ಆಮೇಲೆ ಕೆಲಸ ಕೇಳಿದರೆ ಎತ್ತರ ಸಾಲದು ಎಂದರು. ಅಂಪೈರ್ ಐದು ಅಡಿ ಹತ್ತು ಇಂಚು ಇರಬೇಕಂತೆ, ಇವಳು ಐದು ಅಡಿ ಎರಡು ಇಂಚು. ಚೆಂಡು ಬೇಸಿಗೆ ಮೊದಲು ಬಂತೋ ಪಾದ ಮೊದಲು ಬಂತೋ ಎಂದು ನೋಡಲು ಎತ್ತರ ಯಾಕೆ ಬೇಕು ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಅವಳು ಕೋರ್ಟಿಗೆ ಹೋದಳು. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ಅವಳ ಪರ ತೀರ್ಪು ಕೊಟ್ಟಿತು.

1972ರ ಜೂನ್ 24ರಂದು ಜಿನೀವಾ ಎಂಬ ಊರಿನಲ್ಲಿ ಅವಳ ಮೊದಲ ಪಂದ್ಯ. ಜಿನೀವಾ ಎಂದರೆ ಸ್ವಿಟ್ಜರ್ಲೆಂಡಿನದಲ್ಲ, ನ್ಯೂಯಾರ್ಕ್ ರಾಜ್ಯದ್ದು. ನಾಲ್ಕನೆಯ ಇನ್ನಿಂಗ್ಸ್‌ನಲ್ಲಿ, ಹೊಡೆದ ಚೆಂಡು ನೇರ ಕ್ಯಾಚಾಯಿತು. ಎರಡನೆಯ ಬೇಸ್ ಬಿಟ್ಟಿದ್ದ ಓಟಗಾರ ಹಿಂದಿರುಗುವಷ್ಟರಲ್ಲಿ ಚೆಂಡು ಆ ಬೇಸಿಗೆ ಬಂತು. ಇಂಥ ಸಂದರ್ಭದಲ್ಲಿ ಓಟಗಾರನನ್ನು ಮುಟ್ಟಬೇಕಿಲ್ಲ, ಚೆಂಡು ಹಿಡಿದು ಬೇಸ್ ತುಳಿದರೆ ಸಾಕು. ಗೀರಾ ಮೊದಲು ಸೇಫ್ ಎಂದಳು, ಕೂಡಲೇ ತಪ್ಪು ಅರಿವಾಗಿ ಔಟ್ ಎಂದು ತಿದ್ದಿದಳು. ಆ ತಂಡದ ಮ್ಯಾನೇಜರ್ ಓಡಿಬಂದು ಜಗಳಕ್ಕೆ ನಿಂತ. ನೀನು ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಇರಬೇಕಿತ್ತು ಎಂದ. ಅವಳು ಅವನನ್ನು ಮೈದಾನದಿಂದ ಹೊರಗೆ ಹಾಕಿದಳು.

ಅಂದು ಎರಡು ಪಂದ್ಯಗಳಿದ್ದವು. ಮೊದಲನೆಯದು ಮುಗಿದ ಕೂಡಲೇ ಗೀರಾ ರಾಜೀನಾಮೆ ಕೊಟ್ಟು ಹೊರಟುಹೋದಳು. ಐದು ವರ್ಷದ ಹೋರಾಟ, ಒಂದೇ ಪಂದ್ಯ. ಹೆಂಗಸರಿಗೆ ಧೈರ್ಯ ಸಾಲದು ಎಂದು ಅನೇಕರು ನಕ್ಕರು. ಅವಳು ಕೊಟ್ಟ ಕಾರಣ ಮಾತ್ರ ಬೇರೆ: ಜೊತೆಯ ಅಂಪೈರ್‌ಗಳು ಅವಳೊಂದಿಗೆ ಸಹಕರಿಸಲಿಲ್ಲ.

ಇದರ ತೂಕ ನನಗೆ ತಿಳಿದದ್ದು ಮಗಳಿಂದ. ಅಂಪೈರ್ ಕೆಲಸ ಒಬ್ಬರ ಕೆಲಸವಲ್ಲ. ಹೋಮ್ ಪ್ಲೇಟಿನ ಹಿಂದೆ ಒಬ್ಬರು, ಬೇಸ್ ಹತ್ತಿರ ಒಬ್ಬರು. ಯಾರು ಯಾವ ಓಟಗಾರಳನ್ನು ನೋಡಬೇಕು, ಚೆಂಡು ದೂರ ಹೋದರೆ ಯಾರು ಓಡಬೇಕು, ಎಷ್ಟು ಜನ ಔಟಾಗಿದ್ದಾರೆ, ಎಲ್ಲವನ್ನೂ ಕಣ್ಣಲ್ಲಿ, ಕೈಸನ್ನೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಮೊದಲ ಬೇಸಿನಲ್ಲಿ ಕಣ್ಣು ಪಾದದ ಮೇಲಿರುತ್ತದೆ, ಚೆಂಡು ಗ್ಲೌಸಿಗೆ ಬಿದ್ದದ್ದನ್ನು ಕಿವಿಯಿಂದ ತಿಳಿಯಬೇಕು. ಹತ್ತಿರ ಓಡಿ ಹೋಗುವುದಕ್ಕಿಂತ ಸರಿಯಾದ ಕೋನದಲ್ಲಿ ನಿಲ್ಲುವುದು ಮುಖ್ಯ. ಹೆಂಗಸರ ಆಟದಲ್ಲಿ ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ, ಒಳ್ಳೆಯ ಎಸೆತ ಅರ್ಧ ಸೆಕೆಂಡಿಗೂ ಮೊದಲೇ ಬಂದುಬಿಡುತ್ತದೆ. ಆದರೂ ತೀರ್ಪಿಗೆ ಅವಸರ ಕೂಡದು. ನೋಡಿ, ಒಂದು ಕ್ಷಣ ತಡೆದು, ಆಮೇಲೆ ಕೈ ಎತ್ತಬೇಕು. ಪ್ಲೇಟಿನ ಧೂಳು ಗುಡಿಸುವುದಕ್ಕೂ ಒಂದು ಮರ್ಯಾದೆಯಿದೆ. ಪ್ರೇಕ್ಷಕರಿಗೆ ಬೆನ್ನು ತೋರಿಸದಂತೆ ಮುಂದೆ ಬಂದು ಬಗ್ಗಬೇಕು. ಇಷ್ಟೆಲ್ಲದರ ನಡುವೆ ಜೊತೆಗಾರನೇ ಮಾತು ಬಿಟ್ಟರೆ ಯಾರಾದರೂ ಎಷ್ಟು ಹೊತ್ತು ನಿಲ್ಲಬಲ್ಲರು?

ತಪ್ಪಿನ ವಿಷಯಕ್ಕೆ ಬಂದರೆ ನನಗೆ ಗೀರಾಳ ಜೊತೆಗೆ ಜಿಮ್ ಜಾಯ್ಸ್ ನೆನಪಾಗುತ್ತಾರೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅತ್ಯುನ್ನತ ಮಟ್ಟದ ಬೇಸ್‌ಬಾಲ್‌ನಲ್ಲಿ ನಿಂತ ಅಂಪೈರ್. 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಅರ್ಮಾಂಡೋ ಗಲರಾಗಾ ಎಂಬ ಪಿಚರ್ ಸತತ 26 ಜನರನ್ನು ಔಟ್ ಮಾಡಿದ್ದ. ಇನ್ನೊಬ್ಬ ಔಟಾದರೆ ಪರಿಪೂರ್ಣ ಪಂದ್ಯ. ಅಲ್ಲಿಯವರೆಗಿನ ಇತಿಹಾಸದಲ್ಲಿ ಅದು ಆದದ್ದು 20 ಸಲ ಮಾತ್ರ. 27ನೆಯವನು ಔಟೇ ಆಗಿದ್ದ, ಜಾಯ್ಸ್ ಸೇಫ್ ಎಂದುಬಿಟ್ಟರು. ಪಂದ್ಯದ ನಂತರ ವಿಡಿಯೋ ನೋಡಿ, ಆ ಹುಡುಗನ ದಾಖಲೆ ಹಾಳು ಮಾಡಿದವನು ನಾನೇ ಎಂದು ಒಪ್ಪಿಕೊಂಡು ಗಲರಾಗಾನ ಕ್ಷಮೆ ಕೇಳಿದರು. ಮರುದಿನ ಆಟಗಾರರ ಪಟ್ಟಿಯನ್ನು ಅವರ ಕೈಗೆ ಕೊಡಲು ಬಂದವನು ಗಲರಾಗಾನೇ. ಜಾಯ್ಸ್ ಕಣ್ಣೊರೆಸಿಕೊಂಡರು. ಅದೇ ತಿಂಗಳು ಆಟಗಾರರ ಅಭಿಪ್ರಾಯ ಕೇಳಿದ ಒಂದು ಸಮೀಕ್ಷೆಯಲ್ಲಿ ಅತ್ಯುತ್ತಮ ಅಂಪೈರ್ ಎಂದು ಮೊದಲ ಸ್ಥಾನ ಬಂದದ್ದೂ ಅವರಿಗೇ.

ಜಾಯ್ಸ್ ಮೇಲೆ ನನಗೆ ಗೌರವವಿದೆ. ಆದರೆ ಲೆಕ್ಕ ಹಾಕಿ ನೋಡಿ. ಅವರ ತಪ್ಪನ್ನು ತಿದ್ದಲಾಗಲಿಲ್ಲ, ಅದು ಪ್ರಾಮಾಣಿಕತೆಯ ಪಾಠವಾಯಿತು. ಗೀರಾ ತನ್ನ ತಪ್ಪನ್ನು ಅಲ್ಲೇ, ನಿಂತ ಜಾಗದಲ್ಲೇ ತಿದ್ದಿಕೊಂಡಳು, ಅದು ಹೆಂಗಸರ ಅಯೋಗ್ಯತೆಗೆ ಸಾಕ್ಷಿಯಾಯಿತು.

ಗೀರಾಳ ನಂತರ ಪ್ಯಾಮ್ ಪೊಸ್ಟೆಮಾ 1977ರಿಂದ 13 ಋತು ಕೆಳಗಿನ ಲೀಗುಗಳಲ್ಲಿ ದುಡಿದು, ಕೊನೆಯ ಮೆಟ್ಟಿಲಿನ ತನಕ ಬಂದು, 1989ರ ಕೊನೆಗೆ ಕೆಲಸ ಕಳೆದುಕೊಂಡಳು. ಆ ಮೆಟ್ಟಿಲು ದಾಟಿದ್ದು ಈಚೆಗೆ, 2025ರ ಆಗಸ್ಟ್ 9ರಂದು. ಅಟ್ಲಾಂಟಾದಲ್ಲಿ ಮೊದಲ ಬೇಸಿನ ಹತ್ತಿರ ನಿಂತ ಜೆನ್ ಪವೊಲ್, ಮೇಜರ್ ಲೀಗ್ ಪಂದ್ಯದ ಮೊದಲ ಮಹಿಳಾ ಅಂಪೈರ್. ಆಗ ಅವಳ ವಯಸ್ಸು 48. ಅವಳು ಚಿತ್ರಕಲೆಯ ಟೀಚರ್ ಆಗಿದ್ದವಳು, ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದವಳು, ವರ್ಷಗಟ್ಟಲೆ ಕಾಲೇಜು ಸಾಫ್ಟ್‌ಬಾಲ್ ಅಂಪೈರ್ ಆಗಿದ್ದವಳು. ತಂಗಿಯ ಮನೆಯಲ್ಲಿ ಕಲಿತ ವಿದ್ಯೆ ಅಣ್ಣನ ಮನೆಗೆ ಹೋಯಿತು. ನಮ್ಮ ದೇಶದಲ್ಲೂ 2023ರ ಜನವರಿಯಲ್ಲಿ ಮುಂಬೈಯ ವೃಂದಾ ರಾಠಿ, ಚೆನ್ನೈನ ಜನನಿ ನಾರಾಯಣನ್, ದೆಹಲಿಯ ಗಾಯತ್ರಿ ವೇಣುಗೋಪಾಲನ್ ಮೂವರೂ ಗಂಡಸರ ರಣಜಿ ಪಂದ್ಯಗಳಿಗೆ ಅಂಪೈರ್ ಆಗಿ ನಿಂತರು. ನಮ್ಮ ಕನ್ನಡ ಸಂಘಗಳಿರುವ ಊರುಗಳೇ ಇವು ಎಂದು ಸುದ್ದಿ ಓದಿದಾಗ ಒಂದು ಥರ ಹೆಮ್ಮೆಯಾಗಿತ್ತು.

ಈಗ ಮಗಳಿಗೆ ಹತ್ತೊಂಬತ್ತು. ಮೊಣಕಾಲು ನೋವಿನಿಂದ ಆಟ ಬಿಟ್ಟಳು, ಅಂಪೈರ್ ತರಬೇತಿಗೆ ಸೇರಿದಳು. ಗದಗಿನಿಂದ ನಮ್ಮ ಅತ್ತೆ ಫೋನು ಮಾಡಿದ್ದರು. "ಆಡಾಕಿ ಅಲ್ಲ, ಗೆಲ್ಲಾಕಿ ಅಲ್ಲ. ಬಿಸಲಾಗ ನಿಂತು ಮಂದಿ ಕಡೆ ಬೈಸ್ಕೊಳ್ಳಾಕಿ. ಇದ್ಯಾವ ಕೆಲಸ ಹಚ್ಚೀವಾ ನನ್ನ ಮೊಮ್ಮಗಳಿಗೆ?" ಉತ್ತರ ಹೇಳಲು ನನಗೆ ಗಂಟಲು ಬರಲಿಲ್ಲ, ಬೈದವರ ಸಾಲಿನಲ್ಲಿ ನಾನೂ ಇದ್ದೆನಲ್ಲ. ಕಳೆದ ತಿಂಗಳು ಅವಳ ಮೊದಲ ಶಾಲಾ ಪಂದ್ಯಕ್ಕೆ ಹೋಗಿದ್ದೆ. ಮೂರನೆಯ ಇನ್ನಿಂಗ್ಸ್‌ನಲ್ಲಿ ನನ್ನ ಪಕ್ಕದಲ್ಲಿದ್ದ ತಾಯಿಯೊಬ್ಬರು ಎದ್ದು ನಿಂತು ಅವಳನ್ನು ಕುರುಡಿ ಎಂದು ಕೂಗಿದರು. ನನ್ನ ಕೈ ನಡುಗಿತು. ನಾನು ಕಣ್ಣೆತ್ತಿ ನೋಡಿದ್ದು ಬೇಸ್ ಹತ್ತಿರ ನಿಂತಿದ್ದ ಇನ್ನೊಬ್ಬ ಅಂಪೈರ್ ಕಡೆಗೆ. ಆ ಹುಡುಗ ಮಗಳತ್ತ ನೋಡಿ, ಎದೆಯ ಮುಂದೆ ಎರಡು ಬೆರಳು ತೋರಿಸಿದ. ಎರಡು ಔಟ್ ಆಗಿವೆ ಎಂದು. ಮಗಳೂ ಎರಡು ಬೆರಳು ತೋರಿಸಿ ಮುಖವಾಡ ಇಳಿಸಿಕೊಂಡಳು. ಆಟ ಮುಂದುವರಿಯಿತು.

ಮನೆಗೆ ಬಂದವಳು ಚೆಂಡಿನ ಚೀಲದ ಹೊಲಿಗೆ ಬಿಟ್ಟಿದೆ ಎಂದು ನನ್ನ ಮುಂದೆ ಇಟ್ಟಳು. ಸೊಂಟಕ್ಕೆ ಕಟ್ಟುವ ನೀಲಿ ಬಟ್ಟೆಯ ಚೀಲ. ನಿನ್ನೆ ರಾತ್ರಿ ಈ ಲೇಖನ ಅರ್ಧಕ್ಕೆ ಬಿಟ್ಟು ಅದಕ್ಕೆ ಎರಡು ಸುತ್ತು ಹೊಲಿಗೆ ಹಾಕಿದ್ದೇನೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಮುಂದಿನ ಪಂದ್ಯ.