ರೋಗಿಯ ತಲೆಯ ಬಳಿ ಕುಳಿತವರು



ಗುಬ್ಬಿಯಲ್ಲಾಗಲಿ, ಕುಣಿಗಲ್ಲಿನಲ್ಲಾಗಲಿ, ಯಾರ ಮನೆಯಲ್ಲಾದರೂ ಆಪರೇಷನ್ ಎಂಬ ಮಾತು ಬಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಮಾಡುವ ಡಾಕ್ಟರ್ ಯಾರು? ಎರಡನೆಯ ಪ್ರಶ್ನೆಯೊಂದಿದೆ, ಅದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: ಬೇಹೋಷ್ ಮಾಡಿದ ಮೇಲೆ ಮತ್ತೆ ಎಚ್ಚರ ಆಗುತ್ತದಲ್ಲವೇ? ಕತ್ತರಿಗಿಂತ ಈ ನಿದ್ದೆಗೇ ನಮ್ಮ ಜನ ಹೆಚ್ಚು ಹೆದರುತ್ತಾರೆ. ಹಾಗಿದ್ದರೂ ಆ ನಿದ್ದೆ ಬರಿಸುವವರು ಯಾರು, ನಿದ್ದೆಯುದ್ದಕ್ಕೂ ಕಾಯುವವರು ಯಾರು ಎಂದು ವಿಚಾರಿಸುವವರು ವಿರಳ. ಅವರ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ.

1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಆವಿಯಿಂದ ರೋಗಿಯೊಬ್ಬನ ಅರಿವು ತಪ್ಪಿಸಿ, ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಎಲ್ಲರೆದುರು ತೋರಿಸಿಕೊಟ್ಟ. ಮರುವರ್ಷದಲ್ಲೇ ಈಥರ್ ಕಲ್ಕತ್ತೆಗೂ ಬಂತು. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಸಣ್ಣ ಸೀಸೆ, ಒಂದು ಕರವಸ್ತ್ರ, ಕೆಲವೇ ಹನಿ, ಅಷ್ಟೇ ಸಾಕು. ಆದರೆ ಮೂರು ತಿಂಗಳೂ ಕಳೆದಿರಲಿಲ್ಲ, 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕ್ಲೋರೋಫಾರ್ಮ್ ಮೂಸಿದ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಆಗಬೇಕಿದ್ದ ಆಪರೇಷನ್ ಏನು ಗೊತ್ತೇ? ಕಾಲಿನ ಉಗುರು ತೆಗೆಯುವುದು! ಆ ಹುಡುಗಿ ಬಹಳ ಹೆದರಿದ್ದಳು ಎಂಬುದನ್ನು ನೆನಪಿಟ್ಟುಕೊಳ್ಳಿ, ಆ ಮಾತು ಮುಂದೆ ಬೇಕಾಗುತ್ತದೆ.

ಅಲ್ಲಿಂದ ವೈದ್ಯಲೋಕದಲ್ಲಿ ದೊಡ್ಡ ಜಗಳ ಶುರುವಾಯಿತು. ಕ್ಲೋರೋಫಾರ್ಮ್ ಕೊಲ್ಲುವುದು ಹೃದಯವನ್ನು ನಿಲ್ಲಿಸಿ, ಆದ್ದರಿಂದ ನಾಡಿ ನೋಡುತ್ತಿರಬೇಕು ಎಂದು ಲಂಡನ್ನಿನವರು ವಾದಿಸಿದರು. ಮೊದಲು ನಿಲ್ಲುವುದು ಉಸಿರು, ಉಸಿರನ್ನೇ ನೋಡಬೇಕು ಎಂಬುದು ಎಡಿನ್‌ಬರೋದವರ ಪಟ್ಟು. ಎಡಿನ್‌ಬರೋದಲ್ಲಿ ಓದಿದ ಎಡ್ವರ್ಡ್ ಲಾರಿ ಎಂಬ ಸರ್ಜನ್ 1885ರಲ್ಲಿ ಹೈದರಾಬಾದಿಗೆ ಬಂದಾಗ ಆ ಜಗಳವೂ ಅವರ ಜೊತೆಗೇ ದಖ್ಖನಿಗೆ ಬಂತು.

ಆಗಿನ ಹೈದರಾಬಾದ್ ನಮಗೆ ಪರದೇಶವಲ್ಲ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಆ ರಾಜ್ಯದಲ್ಲೇ ಇದ್ದವು. ಅಲ್ಲಿನ ವೈದ್ಯಕೀಯ ಶಾಲೆ 1846ರಲ್ಲಿ ಆರಂಭವಾದಾಗ ಪಾಠ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ಪಾಸಾದವರಿಗೆ ಹಕೀಮ್ ಎಂಬ ಪದವಿ. ಪಾಶ್ಚಾತ್ಯ ವೈದ್ಯವನ್ನು ನಮ್ಮ ಭಾಷೆಗಳಲ್ಲಿ ಕಲಿಸಲು ಸಾಧ್ಯವೇ ಎಂದು ಇಂದಿಗೂ ಚರ್ಚಿಸುವವರು ಈ ಒಂದು ಶಾಲೆಯ ಚರಿತ್ರೆಯನ್ನು ಓದಬೇಕು. ಲಾರಿಯವರ ಕಾಲಕ್ಕೆ ಅಲ್ಲಿ ಇಂಗ್ಲಿಷ್ ಬೋಧನೆ ಬಂತು, ಹೆಣ್ಣುಮಕ್ಕಳಿಗೂ ಪ್ರವೇಶ ದೊರೆಯಿತು.

ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ಆಶ್ರಯದಲ್ಲಿ 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ಕೆಲಸ ಮಾಡಿತು. ನಾಯಿಗಳ ಮೇಲೆ ಪ್ರಯೋಗ ನಡೆಸಿ, ಉಸಿರೇ ಮೊದಲು ನಿಲ್ಲುತ್ತದೆ ಎಂದು ಸಾರಿತು. ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆ ಲ್ಯಾನ್ಸೆಟ್ ಇದನ್ನು ನಂಬಲಿಲ್ಲ. ನಿಜಾಮರ ಕಡೆಯಿಂದ ಬಂದ ಉತ್ತರ ಘನವಾಗಿತ್ತು: ನಂಬಿಕೆ ಇಲ್ಲದಿದ್ದರೆ ನಿಮ್ಮದೇ ಪರಿಣಿತರನ್ನು ಕಳುಹಿಸಿ, ಖರ್ಚಿಗೆ 1000 ಪೌಂಡ್ ನಾವು ಕೊಡುತ್ತೇವೆ. ಹೃದಯದ ಪಕ್ಷದವರಾದ ಲಾಡರ್ ಬ್ರಂಟನ್ 1889ರಲ್ಲಿ ಲಂಡನ್ನಿನಿಂದ ಬಂದರು. ಎರಡನೆಯ ಆಯೋಗ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿತು. ಆ ಮೂಕಪ್ರಾಣಿಗಳ ಲೆಕ್ಕ ಓದುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಕೊನೆಗೆ ಬ್ರಂಟನ್ ಕೂಡ ಲಾರಿಯವರ ಮಾತಿಗೇ ಒಪ್ಪಿದರು.

ಆದರೆ ವಿಜ್ಞಾನದಲ್ಲಿ ಮನ್ನಣೆ ಸಿಕ್ಕಿತೆಂದರೆ ಮಾತು ಮುಗಿಯಿತೆಂದಲ್ಲ. 1911ರಲ್ಲಿ ಲಂಡನ್ನಿನ ಲೆವಿ ಎಂಬ ವೈದ್ಯ, ಕ್ಲೋರೋಫಾರ್ಮ್ ಅರೆಬರೆ ಏರಿದ ಸ್ಥಿತಿಯಲ್ಲಿ ಅಡ್ರಿನಲಿನ್ ಸೇರಿದರೆ ಹೃದಯ ಲಯ ತಪ್ಪಿ, ಅದುರುತ್ತಾ ಒಮ್ಮೆಲೇ ನಿಂತುಬಿಡಬಹುದು ಎಂದು ತೋರಿಸಿದರು. ಅಡ್ರಿನಲಿನ್ ಎಂದರೆ ಹೆದರಿಕೆಯಾದಾಗ ನಮ್ಮ ಶರೀರವೇ ಸುರಿಸುವ ರಸ. ಅಂದರೆ ರೋಗಿಯ ಭಯ ಕೇವಲ ಮನಸ್ಸಿನ ವಿಷಯವಾಗಿರಲಿಲ್ಲ! ಹೃದಯದ ಮಟ್ಟಿಗೆ ಹೈದರಾಬಾದಿನ ತೀರ್ಮಾನ ತಪ್ಪಾಗಿತ್ತು. ಉಸಿರಿನ ಮೇಲೆ ಸದಾ ಕಣ್ಣಿಟ್ಟಿರಬೇಕೆಂಬ ಅದರ ಪಾಠ ಮಾತ್ರ ಇಂದಿಗೂ ನಿಂತಿದೆ.

ಆ ಪಾಠವನ್ನು ಕೈಯಲ್ಲಿ ಹಿಡಿದು ದುಡಿದವರಲ್ಲಿ ಒಬ್ಬರು ರೂಪಾಬಾಯಿ ಫರ್ದೂನ್‌ಜಿ. ಪಾರ್ಸಿ ಮನೆತನದ ಈ ಹೆಣ್ಣುಮಗಳು 1885ರಲ್ಲಿ ಹೈದರಾಬಾದ್ ವೈದ್ಯಕೀಯ ಶಾಲೆ ಸೇರಿದರು, 1889ರಲ್ಲಿ ಹಕೀಮ್ ಪದವಿ ಪಡೆದರು. ಅಫ್ಜಲ್‌ಗಂಜ್ ಆಸ್ಪತ್ರೆ ಮೊದಲಾದ ಕಡೆಗಳಲ್ಲಿ ವರ್ಷಗಟ್ಟಲೆ ಕ್ಲೋರೋಫಾರ್ಮ್ ಕೊಟ್ಟರು. 1909ರಲ್ಲಿ ಎಡಿನ್‌ಬರೋಗೆ ಹೋಗಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ ಬಂದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆ ಇವರೇ ಎಂದು ಹಲವರು ಹೇಳುತ್ತಾರೆ. ಇಂಥ ‘ಮೊದಲ’ ಪಟ್ಟಗಳ ಬಗ್ಗೆ ಈ ಲೇಖಕನಿಗೆ ಅಷ್ಟು ಉತ್ಸಾಹವಿಲ್ಲ. ಪಟ್ಟ ಇರಲಿ ಬಿಡಲಿ, ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಆಪರೇಷನ್ ಕೋಣೆಯಲ್ಲಿ ರೋಗಿಯ ತಲೆಯ ಬಳಿ ಕುಳಿತು ಉಸಿರು ಎಣಿಸುತ್ತಿದ್ದರು ಎಂಬುದೇ ಸಾಕಷ್ಟು ದೊಡ್ಡ ಸಂಗತಿ.

ಅಮೆರಿಕದಲ್ಲಿ ಇದೇ ಕೆಲಸ ದಾದಿಯರ ಕೈಗೆ ಬಂತು. ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ಆಸ್ಪತ್ರೆಯಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ 1877ರಲ್ಲೇ ಅರಿವಳಿಕೆ ಕೊಡತೊಡಗಿದ್ದರು. ರೋಚೆಸ್ಟರಿನಲ್ಲಿ ಮೇಯೋ ಸಹೋದರರ ಬಳಿ ದುಡಿಯುತ್ತಿದ್ದ ನರ್ಸ್ ಆಲಿಸ್ ಮೆಗಾ, 14,000ಕ್ಕೂ ಹೆಚ್ಚು ಅರಿವಳಿಕೆಗಳ ವರದಿಯನ್ನು 1906ರಲ್ಲಿ ಪ್ರಕಟಿಸಿದರು. ಅರಿವಳಿಕೆಯ ಕಾರಣದಿಂದ ಒಂದು ಸಾವೂ ಅದರಲ್ಲಿರಲಿಲ್ಲ. ಅವರ ಗುಟ್ಟು ಯಂತ್ರದಲ್ಲಿರಲಿಲ್ಲ. ಮುಖದ ಮೇಲಿನ ಬಟ್ಟೆಗೆ ಈಥರನ್ನು ಹನಿಹನಿಯಾಗಿ ಬಿಡುವುದು, ಕಣ್ಣು ಕದಲಿಸದೆ ನೋಡುವುದು, ಜೊತೆಗೆ ರೋಗಿಯೊಂದಿಗೆ ಸಮಾಧಾನವಾಗಿ ಮಾತನಾಡುತ್ತಾ ಧೈರ್ಯ ತುಂಬುವುದು. ನಮ್ಮ ದೇಶದಲ್ಲಿ ಅರಿವಳಿಕೆ ಕೊಡುವುದು ವೈದ್ಯರ ಕೆಲಸ. ಆದರೆ ಆಪರೇಷನ್ನಿಗೆ ಮುಂಚೆ, ಆಮೇಲೆ ರೋಗಿಯ ಬಳಿ ಹೆಚ್ಚು ಹೊತ್ತು ಇರುವವರು ಇಲ್ಲಿಯೂ ಸಿಸ್ಟರುಗಳೇ.

ಮೆಗಾ ಅನುಭವದಿಂದ ತಿಳಿದದ್ದನ್ನು ನಂತರದವರು ಲೆಕ್ಕ ಹಾಕಿ ತೋರಿಸಿದರು. 1964ರಲ್ಲಿ ಬೋಸ್ಟನ್ನಿನ ಎಗ್ಬರ್ಟ್ ಮತ್ತು ಸಂಗಡಿಗರು ಹೊಟ್ಟೆಯ ಆಪರೇಷನ್ನಿಗೆ ಬಂದ 97 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಅರಿವಳಿಕೆ ವೈದ್ಯರೇ ಹಿಂದಿನ ದಿನ ಬಂದು, ನೋವು ಎಲ್ಲಿ ಬರುತ್ತದೆ, ಎಷ್ಟು ದಿನ ಇರುತ್ತದೆ, ಆಗ ಮೈ ಸಡಿಲಿಸಿ ಹೇಗೆ ಮಲಗಬೇಕು, ಹೇಗೆ ಮಗ್ಗುಲು ಬದಲಿಸಬೇಕು ಎಂದು ತಿಳಿಸಿ ಹೇಳಿದರು. ಆ ಗುಂಪಿನವರಿಗೆ ನೋವಿನ ಮದ್ದು ಸುಮಾರು ಅರ್ಧದಷ್ಟೇ ಬೇಕಾಯಿತು, ಅವರು ಸರಾಸರಿ 2.7 ದಿನ ಮುಂಚೆಯೇ ಮನೆಗೆ ಹೋದರು. ಬ್ರಿಟನ್ನಿನ ನರ್ಸಿಂಗ್ ಸಂಶೋಧನೆ ಇದೇ ದಾರಿಯಲ್ಲಿ ಸಾಗಿತು. ರೋಗಿಗೆ ವಿಷಯ ತಿಳಿಸುವುದೇ ನೋವಿಗೆ ಒಂದು ಮದ್ದು ಎಂದು ಹೇವರ್ಡ್ 1975ರಲ್ಲಿ, ಮುಂಚಿತವಾಗಿ ತಿಳಿಹೇಳಿದರೆ ಚೇತರಿಕೆಯೂ ಸುಧಾರಿಸುತ್ತದೆ ಎಂದು ಜೆನಿಫರ್ ಬೋರ್ 1978ರಲ್ಲಿ ಬರೆದರು.

ಭಾಷೆ ಕಲಿಸುವವನಾಗಿ ಇಲ್ಲಿ ಒಂದು ಮಾತು ಹೇಳಲೇಬೇಕು. ತಿಳಿಹೇಳುವುದು ಮದ್ದಾಗುವುದಾದರೆ ಅದು ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ತಾನೇ? ಮನೆಯಲ್ಲಿ ಉರ್ದು ಮಾತ್ರ ಆಡುವ ಅಜ್ಜಿಗೆ, ಹಳ್ಳಿಗನ್ನಡ ಬಿಟ್ಟು ಬೇರೆ ತಿಳಿಯದ ರೈತನಿಗೆ ಇಂಗ್ಲಿಷ್ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿದರೆ ಸಹಿ ಸಿಕ್ಕಿತು, ತಿಳಿವಳಿಕೆ ಸಿಗಲಿಲ್ಲ. ತುಮಕೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದುವ ನಮ್ಮ ಹೆಣ್ಣುಮಕ್ಕಳು ಕನ್ನಡ, ಉರ್ದು ಎರಡನ್ನೂ ಸರಾಗವಾಗಿ ಮಾತನಾಡಬಲ್ಲರು. ಅದು ಆಸ್ಪತ್ರೆಯಲ್ಲಿ ಎಷ್ಟು ದೊಡ್ಡ ಯೋಗ್ಯತೆ ಎಂಬುದನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ.

ಇನ್ನು ಉಪವಾಸದ ವಿಷಯ. ಅರಿವು ತಪ್ಪಿದಾಗ ಗಂಟಲಿನ ಕಾವಲೂ ಸಡಿಲವಾಗುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ನ್ಯೂಯಾರ್ಕಿನ ಮೆಂಡಲ್ಸನ್ 1946ರಲ್ಲಿ 44,016 ಬಸುರಿಯರ ದಾಖಲೆಗಳಲ್ಲಿ ಇಂಥ 66 ಪ್ರಸಂಗಗಳನ್ನು ಗುರುತಿಸಿದರು. ಹಾಗೆಂದು ಹಿಂದಿನ ರಾತ್ರಿಯಿಂದ ಮರುದಿನ ಮಧ್ಯಾಹ್ನದವರೆಗೆ ಒಂದು ಗುಟುಕು ನೀರೂ ಇಲ್ಲದೆ ರೋಗಿಯನ್ನು ಒಣಗಿಸುವುದೂ ಸರಿಯಲ್ಲ. ರೋಗಿಗಳು ಅಗತ್ಯಕ್ಕಿಂತ ಬಹಳ ಹೆಚ್ಚು ಹೊತ್ತು ಉಪವಾಸವಿರುತ್ತಾರೆಂದು ಬ್ರಿಟನ್ನಿನ ನರ್ಸಿಂಗ್ ಅಧ್ಯಯನವೊಂದು 1972ರಲ್ಲೇ ಎತ್ತಿ ತೋರಿಸಿತ್ತು. ಇಂದಿನ ಸಾಮಾನ್ಯ ನಿಯಮ ಹೀಗಿದೆ: ಹಗುರ ಆಹಾರವಾದರೆ 6 ಗಂಟೆ, ಎಣ್ಣೆ, ಮಾಂಸದ ಊಟವಾದರೆ 8 ಗಂಟೆ ಅಥವಾ ಇನ್ನೂ ಹೆಚ್ಚು, ಬರೀ ನೀರಾದರೆ 2 ಗಂಟೆ. ಸಕ್ಕರೆ ಕಾಯಿಲೆಯವರಿಗೆ, ಬಸುರಿಯರಿಗೆ, ತುರ್ತು ಆಪರೇಷನ್ನಿಗೆ ಲೆಕ್ಕ ಬೇರೆಯಾಗಬಹುದು. ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ. ಪಾಪ, ಹಸಿದಿದ್ದಾನೆ ಎಂದು ಮರೆಯಲ್ಲಿ ಬನ್ನು, ಹಾಲು ಹಾಕಿದ ಚಹಾ ಕೊಡುವ ನೆಂಟರ ಪ್ರೀತಿ ಮಾತ್ರ ಆ ಹೊತ್ತಿನಲ್ಲಿ ಅಪಾಯದ ಪ್ರೀತಿ. ಹಾಲಿನ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ.

2009ರಲ್ಲಿ ಇನ್ನೊಂದು ಅಧ್ಯಯನ ಹೊರಬಂತು. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಸುರಕ್ಷತಾ ಪಟ್ಟಿಯನ್ನು ದೆಹಲಿಯೂ ಸೇರಿ ಜಗತ್ತಿನ 8 ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ್ದರು. ರೋಗಿಯ ಹೆಸರೇನು, ಆಪರೇಷನ್ ಯಾವ ಭಾಗಕ್ಕೆ, ಯಾವುದಾದರೂ ಔಷಧ ಒಗ್ಗುವುದಿಲ್ಲವೇ, ಕೊನೆಗೆ ಬಟ್ಟೆ, ಸೂಜಿಗಳ ಎಣಿಕೆ ಸರಿಯಿದೆಯೇ, ಇಂಥವೇ ಪ್ರಶ್ನೆಗಳು. ಮರಣದ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. ಆ ಪಟ್ಟಿಯ ಪ್ರಕಾರ ಕತ್ತರಿ ಹಾಕುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು. ಸಿಸ್ಟರ್ ಕೂಡ ದನಿಯೆತ್ತಿ ಹೇಳಬೇಕು.

ತಾಲ್ಲೂಕು ಆಸ್ಪತ್ರೆಗಳ ಕಷ್ಟ ಬೇರೆ ಬಗೆಯದು. ಹೆರಿಗೆ ತಜ್ಞರಿದ್ದರೂ ಅರಿವಳಿಕೆ ಕೊಡುವವರಿಲ್ಲದಿದ್ದರೆ ರಾತ್ರಿ ಸಿಜೇರಿಯನ್ ಮಾಡಲಾಗದು; ಬಸುರಿಯನ್ನು ದೊಡ್ಡ ಊರಿಗೆ ಸಾಗಿಸಬೇಕು. ಈ ಕೊರತೆ ನೀಗಲೆಂದೇ ಎಂಬಿಬಿಎಸ್ ವೈದ್ಯರಿಗೆ ತುರ್ತು ಹೆರಿಗೆಯ ಅರಿವಳಿಕೆಯಲ್ಲಿ 18 ವಾರಗಳ ತರಬೇತಿ ಕೊಡುವ ಸರ್ಕಾರಿ ಯೋಜನೆ ಬಂತು. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಅರಿವಳಿಕೆ ಕೊಡುವವರು ಇದ್ದಾರೆಯೇ ಎಂದು ಮನೆಯಲ್ಲಿ ಬಸುರಿ ಇರುವವರು ಏಳನೆಯ ತಿಂಗಳಿಗೇ ವಿಚಾರಿಸಿಕೊಳ್ಳಿ. ಅರಿವಳಿಕೆಯವರು ಬಂದು ಬೀಡಿ, ತಂಬಾಕಿನ ಅಭ್ಯಾಸ, ಬಿಪಿ ಮಾತ್ರೆ, ಅಲ್ಲಾಡುವ ಹಲ್ಲು, ಹಿಂದಿನ ಆಪರೇಷನ್ ಎಂದೆಲ್ಲ ಕೇಳುವಾಗ ಹಿರಿಯರು ಎದುರಿಗಿದ್ದಾರೆಂದು ಸಂಕೋಚ ಪಡುವವರು ಬಹಳ. ಅವರನ್ನು ಸ್ವಲ್ಪ ಹೊರಗೆ ನಿಲ್ಲಿಸುವಂತೆ ಸಿಸ್ಟರಿಗೆ ಮೆಲ್ಲಗೆ ಹೇಳಬಹುದು.